ಮಂಜುಶ್ರೀಯ ಬೈಕಿನ ಮುಂದಿನ ಫೋರ್ಕ್

ಮಧುಗಿರಿ
ಭಾನುವಾರ

ಹೊಳವನಹಳ್ಳಿಯ ತಂಗಿ ಮಂಜುಶ್ರೀಗೆ,

ಮುರಿದ ಕೈಯ ಕಟ್ಟು ಬಿಚ್ಚಿದರೆಂದು ಕೇಳಿ ಸಮಾಧಾನವಾಯಿತು. ನೀನು ನನ್ನ ಫೋನ್ ಎತ್ತುವುದಿಲ್ಲ. ಅದು ಸರಿಯೇ. ಅದಕ್ಕೆ ಬರೆಯುತ್ತಿದ್ದೇನೆ.

ರೇಸಿಗೆಂದು ನಾನು ಸಜ್ಜು ಮಾಡಿಕೊಟ್ಟ ಬೈಕನ್ನು ದೊಡ್ಡೇರಿಯ ಕಲ್ಲುದಾರಿಯಲ್ಲಿ ಓಡಿಸಿ ಬಂದು ನೀನು, "ಅಣ್ಣಾ, ಮುಂದಿನ ಫೋರ್ಕ್ ಒಳಕ್ಕೆ ಇಳೀತಾನೇ ಇಲ್ಲ, ಕಲ್ಲು ತಗುಲಿದ್ರೆ ಚಕ್ರ ಎಗರ್ತದೆ" ಅಂದಿದ್ದೆ. "ಗಟ್ಟಿ ಇದ್ರೇನೇ ಜಂಪ್ ತಡಿಯೋದು, ನಂಗೊತ್ತು ಬುಡಮ್ಮ" ಎಂದು ನಾನು ನಕ್ಕೆ. ರೇಸಿನಲ್ಲಿ ಚಕ್ರ ಹಾಗೆಯೇ ಎಗರಿ ನೀನು ಬಿದ್ದೆ. ನಿಮ್ಮಪ್ಪ ಶಂಕರಲಿಂಗಪ್ಪನವರು ಕೇಳಿದಾಗ, "ಹೆದ್ರಿ ಹ್ಯಾಂಡಲ್ ಬುಟ್ಬುಟ್ಳು" ಎಂದೆ. ಅವರು ನಂಬಿ, ಬೈಕನ್ನು ಮಾರಿಬಿಡು ಎಂದು ನನ್ನ ಅಂಗಡಿಯಲ್ಲೇ ಬಿಟ್ಟರು.

ಮಾರುವ ಮೊದಲು ಮೊನ್ನೆ ಅದೇ ದಾರಿಯಲ್ಲಿ ನಾನು ಓಡಿಸಿ ನೋಡಿದೆ. ಎಂಬತ್ತೈದು ಕೆಜಿಯ ನನಗೆ ಕಲ್ಲು ಇರುವುದೇ ಗೊತ್ತಾಗಲಿಲ್ಲ. ಫೋರ್ಕಿನೊಳಗಿನ ಸ್ಪ್ರಿಂಗು, ಆಯಿಲು ಎಲ್ಲವನ್ನೂ ನನ್ನ ತೂಕಕ್ಕೆ ಕೂರಿಸಿದ್ದೆ; ಹಗುರವಾದ ನಿನಗೆ ಅದು ಇಳಿಯುವುದಾದರೂ ಹೇಗೆ? ನಿನ್ನ ತೂಕವನ್ನು ಒಂದು ಸಲವೂ ಕೇಳಿರಲಿಲ್ಲ.

ನಿನ್ನೆ ನಿಮ್ಮಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಅವರು, "ನನ್ ಮಗ್ಳು ಇದ್ನೇ ಹೇಳಿದ್ಳು ಕಣಪ್ಪ. ನಾನು ನಿನ್ ಮಾತು ನಂಬ್ಬುಟ್ಟೆ" ಎಂದರು.

ಬೈಕು ಮಾರಿಲ್ಲ. ಮೆದು ಸ್ಪ್ರಿಂಗ್ ತರಿಸಿದ್ದೇನೆ. ಹೆಲ್ಮೆಟ್, ಬೂಟು ಹಾಕಿಕೊಂಡು ಬಂದು ಒಮ್ಮೆ ಬೈಕಿನ ಮೇಲೆ ಕೂರು. ರೇಸಿನ ದಿನದ ನಿನ್ನ ಪೂರ್ತಿ ತೂಕಕ್ಕೆ ಫೋರ್ಕ್ ಎಷ್ಟು ಇಳಿಯುತ್ತದೆಂದು ಅಳೆಯಬೇಕು. ನನ್ನ ಕೈಗೆ ಕೊಡಲು ಮನಸ್ಸಿಲ್ಲದಿದ್ದರೆ ಶಿರಾದಲ್ಲಿ ಯಾರಿಂದಲಾದರೂ ಹಾಕಿಸಿಕೋ, ಸ್ಪ್ರಿಂಗ್ ಕೊಟ್ಟು ಕಳಿಸುತ್ತೇನೆ. ಅವರು ಎಷ್ಟೇ ತಿಳಿದವರಾಗಿರಲಿ, ಸರಿಯಿಲ್ಲ ಅನಿಸಿದರೆ ಮತ್ತೆ ಬಿಚ್ಚಿಸು.

ನಿನ್ನ ಮಾತು ಕೇಳದೆ ಹೋದ,
ಮೆಕ್ಯಾನಿಕ್ ಓಬಳರಾಜು