ಎರಡು ಬೆರಳು ಹೆಚ್ಚು ವಿಭೂತಿ

ಕೆಸರೆ, ಮೈಸೂರು
10 ಜುಲೈ 2025

ಪಾರ್ವತಕ್ಕನಿಗೆ ಷಡಕ್ಷರಿಯ ಶರಣು.

ಸಮಸ್ತ ಬಂಧುಬಳಗಕ್ಕೆ ಈ ಮೂಲಕ ಪ್ರಕಟಪಡಿಸುವುದೇನೆಂದರೆ, ಇಂದು ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಅಡುಗೆಮನೆಯಲ್ಲಿ ಒಂದೂ ಗಂಟಿಲ್ಲದ ರಾಗಿಮುದ್ದೆಯೊಂದು ಜನಿಸಿದೆ. ಕರ್ತೃ ನಾನೇ. ಮುದ್ದೆ ಗುಂಡಗೆ, ಆರೋಗ್ಯವಾಗಿದೆ. ಹಿಂದಿನ ಹದಿನಾರು ಮುದ್ದೆಗಳ ಗತಿಯೇನೆಂದು ಬೀದಿನಾಯಿಯನ್ನು ಯಾರೂ ಕೇಳಬಾರದಾಗಿ ವಿನಂತಿ.

ಬರೆಯೋದು ತಡವಾಯ್ತು, ಬೇಜಾರು ಮಾಡ್ಕೋಬೇಡ. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಮಂದ ಕಿವಿಗಾಗಿ ನಾನು ಕೂಗಬೇಕು. ಕೂಗಿದರೆ ಒಳಗೆ ಮಲಗಿರೋ ಮಹದೇವಮ್ಮನಿಗೂ ಕೇಳಿಸುತ್ತೆ. ಮಂಡಿ ಆಪರೇಷನ್ ಆಗಿ ನೀನು ಕಡಕೊಳದಿಂದ ಬರುವ ಹಾಗಿರಲಿಲ್ಲ. ನನ್ನ ಹೆಂಡತಿಗೆ ಆದದ್ದೇನು ಅಂತ ಮೊದಲಿನಿಂದ ಹೇಳ್ತೀನಿ.

ನಮ್ಮ ದೇವರಮನೆ ಬಾಗಿಲು ನಿನಗೆ ಗೊತ್ತಲ್ಲ. ಒಳಗೆ ಹೋಗೋರು ತಲೆ ಬಗ್ಗಿಸಲಿ ಅಂತ ಅಪ್ಪ ಬೇಕಂತಲೇ ತಗ್ಗಾಗಿ ಇಡಿಸಿದ್ದು. ಏಪ್ರಿಲ್‌ನಲ್ಲಿ ಐಶ್ವರ್ಯಳ ನಿಶ್ಚಿತಾರ್ಥದ ಬೆಳಿಗ್ಗೆ, ಕೈಯಲ್ಲಿ ತಟ್ಟೆ ಹಿಡಿದು ಅವಸರದಲ್ಲಿ ನುಗ್ಗಿದ ಮಹದೇವಮ್ಮನ ಹಣೆ ಆ ಬಾಗಿಲಿಗೆ ಬಡಿದಿದೆ. ಎಡಗಡೆ ನಿಂಬೆಹಣ್ಣಿನಷ್ಟು ಬುಗುಟೆ. ಅದರ ಮೇಲೆ ವಿಭೂತಿ ಬಿತ್ತು. ಬೀಗರು ಬಂದರು, ಒಬ್ಬಟ್ಟು ತಿಂದರು, ಹೋದರು. ವಾರದಲ್ಲಿ ಊತ ಇಳಿಯಿತು.

ಮೇನಲ್ಲಿ ತಲೆನೋವು ಶುರುವಾಯ್ತು. ಬಡಾವಣೆಯ ಡಾಕ್ಟರು ಮಾತ್ರೆ ಕೊಟ್ಟರು. ಆಮೇಲೆ ಕಾಫಿಗೆ ಉಪ್ಪು ಬಿತ್ತು. "ಇದನ್ನ ಬೀಗರಿಗೆ ಎತ್ತಿಡು" ಅಂದೆ. ಬಲಗಾಲಿನ ಚಪ್ಪಲಿ ದಾರಿಯಲ್ಲೇ ಉದುರಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾನು ಅದನ್ನು ಹಿಡಿದುಕೊಂಡು ಭರತನ ಹಾಗೆ ಹಿಂದೆ ಹಿಂದೆ ನಡೆದೆ. ಬಿದ್ದು ಬಿದ್ದು ನಕ್ಕಳು. ಜೂನ್‌ನಲ್ಲಿ ಒಂದು ಮಧ್ಯಾಹ್ನ ಅವಳ ಕೈಯಿಂದ ತುತ್ತು ಜಾರಿತು. "ನೀ… ನೀ…" ಅಂತ ಚೊಂಬು ತೋರಿಸಿದಳು, ಮಾತು ಹೊರಡಲಿಲ್ಲ. ನಾನು ಏನೋ ಅನ್ನೋಕೆ ಹೊರಟೆ. "ಅಪ್ಪಾ, ನಿಮ್ಮ ತಮಾಷೆ ಸಾಕು, ಅಮ್ಮನ ಬಾಯಿ ನೋಡಿ!" ಅಂತ ಐಶ್ವರ್ಯ ಕಿರುಚಿದಳು. ಬಾಯಿ ಒಂದು ಕಡೆಗೆ ಎಳೆದಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಎಡಗಡೆ ಅರ್ಧಚಂದ್ರನ ಹಾಗೆ ಏನೋ ಕೂತು ಮೆದುಳನ್ನ ಒತ್ತುತ್ತಿತ್ತು. "ಬುರುಡೆಗೂ ಮೆದುಳಿಗೂ ನಡುವೆ ರಕ್ತ ಸೋರಿದೆ. ಒಂದೇ ಸಲ ಅಲ್ಲ, ಹನಿಹನಿಯಾಗಿ, ವಾರಗಟ್ಟಲೆ. ಎದೆಬಡಿತಕ್ಕೆ ಅಂತ ರಕ್ತ ತೆಳುವಾಗಿಸೋ ಮಾತ್ರೆ ತಗೋತಿದ್ರಲ್ಲ, ಅದಕ್ಕೇ ನಿಂತಿಲ್ಲ. ತಲೆಗೆ ಏಟು ಬಿದ್ದಿತ್ತಾ?" ಅಂದರು ಡಾಕ್ಟರಮ್ಮ. ಐಶ್ವರ್ಯ ನಿಶ್ಚಿತಾರ್ಥದ ಫೋಟೋಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಪಟ್ಟೆಪಟ್ಟೆ ವಿಭೂತಿಯ ಕೆಳಗೆ ಬುಗುಟೆ ಕಂಡಿತು. "ಅಮ್ಮ ಮುಚ್ಚಿಟ್ಟಿದ್ದಾಳೆ" ಅಂದಳು.

ಆ ಮಾತ್ರೆ ನಿಲ್ಲಿಸಿ, ಅದರ ಪ್ರಭಾವ ಇಳಿಸೋ ಇಂಜೆಕ್ಷನ್ ಕೊಟ್ಟು, ಬುರುಡೆಗೆ ಎರಡು ತೂತು ಕೊರೆದು, ಕೊಳವೆ ಇಟ್ಟು ಬಸಿದರು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ನಾನು ಬದಲಾಯಿಸುತ್ತಿದ್ದ ಹಳೇ ಇಂಜಿನ್ ಆಯಿಲ್ ಇದೆಯಲ್ಲ, ಅದೇ ಬಣ್ಣ. ಮಾರನೇ ದಿನ ಎದ್ದು ಕೂತು "ಕಾಫಿ" ಅಂದಳು. ನಾಲ್ಕನೇ ದಿನ ಹೊಸದಾಗಿ ರಕ್ತ ಸೋರಿತು. ಈ ಸಲ ಮೂಳೆಯನ್ನೇ ತೆಗೆದು ನೋಡಬೇಕಾಯ್ತು. ಜೀವ ಉಳೀತು ಅಕ್ಕ, ಮಾತು ಉಳೀಲಿಲ್ಲ. ಬಲಗೈ ಏಳಲ್ಲ. ಮಾತು ಕಲಿಸೋ ಹುಡುಗಿ ವಾರಕ್ಕೆರಡು ಸಲ ಬರ್ತಾಳೆ. ಇಲ್ಲಿವರೆಗೆ "ಬಾ", "ಸಾಕು" ಎರಡು ವಾಪಸ್ ಬಂದಿವೆ. ತಿಂಗಳುಗಳು ಬೇಕು ಅಂತಾರೆ. "ಎರಡು ವಾರ ಮುಂಚೆ ಬಂದಿದ್ರೆ ಇಷ್ಟಾಗ್ತಿರಲಿಲ್ಲ" ಅಂತಲೂ ಡಾಕ್ಟರಮ್ಮ ಅಂದರು.

ನೋಡೋಕೆ ಬಂದವರೆಲ್ಲ ಮಂಚದ ಪಕ್ಕ ಕೂತು ಒಂದೇ ಕೇಳ್ತಾರೆ: "ಯಾಕವ್ವ ಮುಚ್ಚಿಟ್ಟೆ? ಒಂದು ಮಾತು ಹೇಳಬಾರದಿತ್ತಾ?" ಅವಳು ನನ್ನ ಮುಖ ನೋಡ್ತಾಳೆ. ನಾನು ಬಿಸ್ಕೆಟ್ ತಟ್ಟೆ ಮುಂದೆ ಮಾಡ್ತೀನಿ. ನೀನೂ "ಭಾನುವಾರ ಬಂದು ಅವಳಿಗೆ ಚೆನ್ನಾಗಿ ಬೈತೀನಿ" ಅಂದೆಯಂತೆ, ಐಶ್ವರ್ಯ ಹೇಳಿದಳು.

ಮಂಡಿ ಜೋಪಾನ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ನಿನ್ನದು ನಮ್ಮ ಮನೆ ಮೇಲಿರಲಿ.

ನಿನ್ನ ತಮ್ಮ
ಷಡಕ್ಷರಿ

ಮರೆತು ಕೆಳಗೆ ಬರೀತಿದ್ದೀನಿ ಅಂತ ಸುಳ್ಳು ಹೇಳಲಾರೆ: ಮಹದೇವಮ್ಮ ಮುಚ್ಚಿಡಲಿಲ್ಲ. ತಟ್ಟೆ ಕೆಳಗಿಟ್ಟು ಸೀದಾ ನನ್ನ ಹತ್ತಿರ ಬಂದು "ತಲೆ ಗಿಮ್ ಅಂತಿದೆ ಕಣ್ರೀ" ಅಂದಳು. "ಮೊದಲು ಬಾಗಿಲಿಗೇನಾಯ್ತು ನೋಡು" ಅಂದೆ. "ಬೀಗರು ನೋಡಿದ್ರೆ ನಾನೇ ಹೊಡೆದೆ ಅಂದ್ಕೋತಾರೆ" ಅಂತ ನಾನೇ ಎರಡು ಬೆರಳು ಹೆಚ್ಚು ವಿಭೂತಿ ಬಳಿದೆ. ನಗ್ತಾ ಹಣೆ ಕೊಟ್ಟಳು. ಮೇನಲ್ಲಿ ಬಡಾವಣೆಯ ಡಾಕ್ಟರು "ತಲೆಗೆ ಏಟೇನಾದ್ರೂ?" ಅಂದಾಗ ಅವಳು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ನಾನು, "ನಮ್ಮನೇಲಿ ಏಟು ತಿನ್ನೋನು ನಾನು ಸಾರ್" ಅಂದುಬುಟ್ಟೆ. ಮೂವರೂ ನಕ್ಕೆವು. ಆ ಪ್ರಶ್ನೆ ಅಲ್ಲಿಗೇ ಮುಗೀತು.

ಅದಕ್ಕೇ ಒಂದು ಸಣ್ಣ ಉಪಕಾರ. ಭಾನುವಾರ ಬಂದಾಗ ಸೀದಾ ಒಳಗೆ ಹೋಗಬೇಡ. ಐಶ್ವರ್ಯಳೂ ಮನೇಲಿರ್ತಾಳೆ. ಚಪ್ಪಲಿ ಬಿಡೋ ಜಾಗದಲ್ಲೇ ನಿಂತು, ಈ ಕಾಗದ ಕೈಯಲ್ಲಿ ಹಿಡಿದು, ನನ್ನನ್ನು ಬೈ. ಸ್ವಲ್ಪ ಜೋರಾಗಿ ಬೈ, ಒಳಗಿನ ಕೋಣೆವರೆಗೂ ಕೇಳಿಸಬೇಕು.