ಸಾವಿನ ಮನೆಗೆ ಮಲ್ಲಿಗೆ ಒಯ್ದದ್ದು

ರಿಫಾ, ಬಹ್ರೇನ್
14 ನವೆಂಬರ್ 2025, ಶುಕ್ರವಾರ

ಪ್ರೀತಿಯ ಜ್ಯೋತ್ಸ್ನಾಳ ಅಪ್ಪನಿಗೆ,

ಉಷಾಲತಾ ಮಾಡುವ ನಮಸ್ಕಾರಗಳು. ಹೇಗಿದ್ದೀರಿ? ಒಸಡಿನ ಗಾಯ ಮಾಗಿತಾ? ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದೀರಾ, ಇಲ್ಲ, ಇವಳು ಎದುರಿಗಿಲ್ಲ ಎಂದು ಅದಕ್ಕೂ ರಜೆಯಾ? ಗಂಜಿಗೆ ಮಿಡಿ ಉಪ್ಪಿನಕಾಯಿ ನಂಜಿಕೊಳ್ಳಬೇಡಿ, ಉರಿಯುತ್ತದೆ. ಶುಗರಿನ ಮಾತ್ರೆ ತಪ್ಪಿಸಬೇಡಿ. ಇಲ್ಲಿ ಬಾಣಂತಿಯೂ ಮಗುವೂ ಸೌಖ್ಯ. ಮಗು ಥೇಟ್ ನಿಮ್ಮ ಹಾಗೆ, ಹಸಿವಾದರೆ ಇಡೀ ಬಿಲ್ಡಿಂಗಿಗೆ ಕೇಳಬೇಕು, ಹೊಟ್ಟೆ ತುಂಬಿತೋ, ಯಾರ ಪರಿಚಯವೂ ಇಲ್ಲ. ಬಾಯಲ್ಲಿ ಒಂದು ಹಲ್ಲೂ ಇಲ್ಲ, ಅದರಲ್ಲೂ ನಿಮಗೆ ಜೋಡಿ. ಅಳಿಯ ಯಶ್ವಂತ್ ಬೆಳಿಗ್ಗೆ ಹಿದ್ ಬಂದರಿನ ಆಫೀಸಿಗೆ ಹೋದರೆ ಬರುವುದು ಸಂಜೆಯೇ. ಆಮೇಲೆ ಮಗುವನ್ನು ಎತ್ತಿಕೊಂಡು ಕೂತರೆ ಅವನಿಗೆ ಚಾ ಕೂಡ ಬೇಡ. ಮಗಳ ಸಂಸಾರದ ಬಗ್ಗೆ ನಿಮಗೆ ಚಿಂತೆಯೇ ಬೇಡ.

ಫೋನ್ ಇರುವಾಗ ಇವಳಿಗೆ ಕಾಗದದ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ನೀವು ಅಂದುಕೊಳ್ಳುತ್ತೀರಿ. ಮತ್ತೆಂತ ಮಾಡುವುದು? ಸ್ಯಾಕ್ಸೋಫೋನಿನ ಸುದ್ದಿ ತೆಗೆದ ಕೂಡಲೇ ನಿಮ್ಮ ಫೋನಿನ ಸಿಗ್ನಲ್ ಹೋಗಿಬಿಡುತ್ತದೆ. ಕಿನ್ನಿಗೋಳಿಯಲ್ಲಿ ಉಳಿದವರಿಗೆಲ್ಲ ಇರುವ ಸಿಗ್ನಲ್ ನಿಮಗೊಬ್ಬರಿಗೆ ಇಲ್ಲ! ಡಾಕ್ಟರು ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಊದುವಾಗ ಅಲುಗಾಡುತ್ತದೆ, ಸ್ವರದ ಬದಲು ಬರೀ ಗಾಳಿ ಬರುತ್ತದೆ ಎಂದು ಪೆಟ್ಟಿಗೆ ಮುಚ್ಚಿದಿರಿ. ಬರುವ ಷಷ್ಠಿಯ ದಿನ ಅದನ್ನು ನಿಮ್ಮ ಅಣ್ಣನ ಮಗ ತಿಲಕ್‌ಗೆ ಕೊಟ್ಟುಬಿಡುತ್ತೀರಂತೆ. ಅವನೇ ಜ್ಯೋತ್ಸ್ನಾಗೆ ಹೇಳಿದ. ಹೇಳುವಾಗ ಅವನ ಸ್ವರವೂ ಸರಿಯಿರಲಿಲ್ಲ ಪಾಪ. ಮಗುವಿನ ತೊಟ್ಟಿಲಿಗೆ ಬನ್ನಿ ಎಂದರೆ 'ಬಾಯಿ ಇಲ್ಲದವನು ಅಲ್ಲಿ ಬಂದು ಎಂತ ಮಾಡಲಿಕ್ಕೆ ಉಂಟು' ಎಂದಿರಿ. ಆ ಮಾತು ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತೆ. ಈಗ ಹೇಳುತ್ತಿದ್ದೇನೆ, ತಿಳಿದುಕೊಳ್ಳಿ.

ಇನ್ನು ಕಳೆದ ಶುಕ್ರವಾರದ ಕಥೆ ಕೇಳಿ. ನಗುವುದಾದರೆ ನಗಿ. ಸಂಜೆ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ, ಲೋಭಾನದ ಹೊಗೆ ಹಿಡಿದು ಮಲಗಿಸಿ ಹೊರಗೆ ಬಂದರೆ ಕೆಳಗಿನಿಂದ ಸ್ಯಾಕ್ಸೋಫೋನಿನ ಸ್ವರ! ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಓಡಿಹೋಗಿ ಬಾಲ್ಕನಿಯಿಂದ ಬಗ್ಗಿ ನೋಡಿದೆ. ಕಾರು ನಿಲ್ಲಿಸುವ ಜಾಗದಲ್ಲಿ ಹತ್ತಿಪ್ಪತ್ತು ಜನ, ಹೆಚ್ಚಿನವರು ಆಫ್ರಿಕಾ ಮೂಲದ ಅಮೆರಿಕದವರು. ಕೈಯಲ್ಲಿ ಜಾಲರಿ ಕಟ್ಟಿದ ಬಣ್ಣದ ಕೊಡೆಗಳು, ಬಿಳಿ ಕರವಸ್ತ್ರ ಬೀಸಿಕೊಂಡು ಕುಣಿತ. ನಡುವೆ ಕಪ್ಪು ಕೋಟಿನ ಮುದುಕರೊಬ್ಬರು ಕಣ್ಣು ಮುಚ್ಚಿ ಊದುತ್ತಿದ್ದಾರೆ. ಅವರ ಪಕ್ಕದಲ್ಲಿ ಉದ್ದನೆಯ ಬಿಳಿ ಗೌನು ಹಾಕಿದ ಹುಡುಗಿ. ನಮ್ಮೂರಿನ ಕ್ರಿಶ್ಚಿಯನ್ನರ ಮದುವೆ ಎಷ್ಟು ನೋಡಿಲ್ಲ ನಾವು? ಬಿಳಿ ಗೌನು ಎಂದರೆ ಮದುಮಗಳು, ಸ್ಯಾಕ್ಸೋಫೋನ್ ಎಂದರೆ ಮಂಗಳವಾದ್ಯ. ಇನ್ನೇನು ಯೋಚಿಸುವುದು? ಕೆಳಮನೆಯವರ ಮದುವೆ, ವಾದ್ಯದವರ ಮನೆಯ ಹೆಂಗಸು ಬರಿಗೈಯಲ್ಲಿ ಹೋಗುವುದುಂಟಾ? ರೇಷ್ಮೆಯ ಪತ್ತಾಯಿ ಸೀರೆ ಉಟ್ಟೆ, ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಕುಂಕುಮದ ಭರಣಿ, ಅಳಿಯ ಮನಾಮದಿಂದ ತಂದಿದ್ದ ಮಲ್ಲಿಗೆ ಇಟ್ಟುಕೊಂಡು ಇಳಿದೆ. ಬಾಣಂತಿಯನ್ನು ಹೊಸ್ತಿಲು ದಾಟಿಸುವ ಹಾಗಿಲ್ಲ, ಅಳಿಯ ಹೊರಗೆ ಹೋಗಿದ್ದ, ಹಾಗಾಗಿ ಜೊತೆಗೆ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಸೀದಾ ಹೋಗಿ ಹುಡುಗಿಯ ಹಣೆಗೆ ಕುಂಕುಮ ಇಟ್ಟೆ, ಮಲ್ಲಿಗೆ ಮುಡಿಸಿದೆ, ನನಗೆ ಬರುವ ಇಂಗ್ಲಿಷಿನಲ್ಲಿ 'ಹ್ಯಾಪಿ ಮ್ಯಾರೀಡ್ ಲೈಫ್' ಎಂದೆ.

ಕುಣಿತ ನಿಂತಿತು. ಊದುವುದೂ ನಿಂತಿತು. ಹುಡುಗಿ ನನ್ನನ್ನೇ ನೋಡಿದಳು, ಮುದುಕರನ್ನು ನೋಡಿದಳು, ಆಮೇಲೆ ಗೋಡೆಯ ಹತ್ತಿರ ಮೇಜಿನ ಮೇಲಿದ್ದ ಫೋಟೋ ತೋರಿಸಿದಳು. ಫೋಟೋದ ಎದುರು ಮೇಣದಬತ್ತಿ ಉರಿಯುತ್ತಿತ್ತು. ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು! ಮುದುಕರ ತಂಗಿ ಅಮೆರಿಕದ ನ್ಯೂ ಆರ್ಲೀನ್ಸ್ ಎಂಬ ಅವರ ಊರಿನಲ್ಲಿ ತೀರಿಕೊಂಡಿದ್ದರಂತೆ. ಇವರಿಗೆ ಹೃದಯದ ಆಪರೇಷನ್ ಆಗಿ ವಿಮಾನ ಹತ್ತುವಂತಿರಲಿಲ್ಲ. ಅಲ್ಲಿ ದಫನ ಆಗುವ ಹೊತ್ತಿಗೆ ಇಲ್ಲಿ ಊದುತ್ತಿದ್ದರು. ಆ ಬಿಳಿ ಗೌನೂ ಸತ್ತವರ ನೆನಪಿಗೆ ಹಾಕಿದ್ದಂತೆ. ನಾನು ಕೈಮುಗಿದು 'ಸಾರಿ, ಸಾರಿ' ಎಂದು ಹಿಂದೆ ಸರಿದರೆ ಆ ಹುಡುಗಿ, ಇಲ್ಲಿ ಕೆಲಸಕ್ಕಿರುವ ಅವರ ಮಗಳು ಮೆಲಿಸ್ಸಾ, ನನ್ನ ಕೈ ಬಿಡಲಿಲ್ಲ. ಕುಂಕುಮ ಒರೆಸಲಿಲ್ಲ, ಮಲ್ಲಿಗೆ ತೆಗೆಯಲೂ ಇಲ್ಲ. ಮುದುಕರು ಕಣ್ಣೀರು ಸುರಿಸಿಕೊಂಡೇ ಗಹಗಹಿಸಿ ನಕ್ಕರು. ನಾನು ಜ್ಯೋತ್ಸ್ನಾಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ಹೇಳಿದ್ದನ್ನು ಅವಳು ಕನ್ನಡದಲ್ಲಿ ಹೇಳಿದಳು: 'ನನ್ನ ತಂಗಿಗೆ ಮದುವೆ ಆಗ್ಲಿಲ್ಲ. ಯಾರೂ ಅವಳಿಗೆ ಹೂವು ತರ್ಲಿಲ್ಲ. ನೀವು ತಂದಿರಿ.'

ಮಾರನೆಯ ದಿನ ಅವರು ನಮ್ಮ ಮನೆಗೆ ಬಂದರು, ಸ್ಯಾಕ್ಸೋಫೋನ್ ಸಮೇತ. ಹೆಸರು ಎರಿಕ್. ನಾನು ಎರಿಕಣ್ಣ ಎಂದೇ ಕರೆಯುವುದು. ಎದುರು ಫ್ಲ್ಯಾಟಿನ ನಮ್ಮೂರಿನವರೇ ಒಬ್ಬರು 'ಆ ಕಪ್ಪಿನವರನ್ನೆಲ್ಲ ಒಳಗೆ ಕರೀತೀರಾ?' ಎಂದು ಮೂಗು ಮುರಿದರು. 'ನಾವೇನು ಸುಣ್ಣದಲ್ಲಿ ಅದ್ದಿ ತೆಗೆದವರಾ ಮಾರಾಯ್ರೆ?' ಎಂದೆ. ಅಂದಿನಿಂದ ಅವರ ಬಾಗಿಲು ಮುಚ್ಚಿದೆ, ಮುಚ್ಚಿರಲಿ. ಎರಿಕಣ್ಣ ನೀರುದೋಸೆ ತಿನ್ನುತ್ತಾ ತಮ್ಮ ಊರಿನ ಕಥೆ ಹೇಳಿದರು. ದೊಡ್ಡ ನದಿಯ ದಡದ ಊರು, ನಮ್ಮ ಕಡೆಯದ್ದೇ ಸೆಕೆ, ಬೆವರು, ಅನ್ನ, ಸಿಗಡಿ. ಅವರ ಅಜ್ಜನ ಅಜ್ಜಂದಿರನ್ನು ಆಫ್ರಿಕಾದಿಂದ ಹಿಡಿದು ತಂದು ಗುಲಾಮರಾಗಿ ಮಾರಿದ್ದರಂತೆ. ವಾರಕ್ಕೊಮ್ಮೆ, ಭಾನುವಾರ ಮಾತ್ರ ಒಂದು ಬಯಲಿನಲ್ಲಿ ಸೇರಿ ಡೋಲು ಬಡಿಯಲು, ಕುಣಿಯಲು ಬಿಡುತ್ತಿದ್ದರಂತೆ. ಆ ಡೋಲು, ಚರ್ಚಿನ ಹಾಡು, ಮಿಲಿಟರಿ ಬ್ಯಾಂಡಿನ ಕೊಂಬು ಎಲ್ಲ ಸೇರಿ ಜಾಝ್ ಆಯಿತು ಎಂದರು. ಇಡೀ ಜಗತ್ತು ಅದಕ್ಕೆ ಕುಣಿಯಿತು. ಆದರೆ ಊದಿದವರು ದೊಡ್ಡ ಹೋಟೆಲುಗಳಿಗೆ ಅಡುಗೆಮನೆಯ ಬಾಗಿಲಿನಿಂದ ಹೋಗಬೇಕಿತ್ತು. ನಿಮ್ಮ ಅಪ್ಪ ಹೇಳುತ್ತಿದ್ದದ್ದು ಅದೇ ಅಲ್ಲವಾ? ಮುಹೂರ್ತ ನಾವು ಊದುವುದಕ್ಕೆ ಕಾಯುತ್ತದೆ, ಊಟದ ಪಂಕ್ತಿಯಲ್ಲಿ ಮಾತ್ರ ನಾವು ಕೊನೆಯವರು.

ಅವರ ಊರಿನಲ್ಲಿ ಸತ್ತವರನ್ನು ಒಯ್ಯುವಾಗ ವಾದ್ಯ ನಿಧಾನ, ಅಳುವ ಸ್ವರ. ಮಣ್ಣು ಮಾಡಿ ಬರುವಾಗ ಕುಣಿಯುವ ಸ್ವರ. ದಾರಿಯಲ್ಲಿ ಹೋಗುವವರೂ ಸೇರಿಕೊಂಡು ಕುಣಿಯುತ್ತಾರಂತೆ, ಸತ್ತವರ ಪರಿಚಯವೇ ಬೇಡ. ಚಂಡಮಾರುತ ಬಂದು ಊರೇ ಮುಳುಗಿತ್ತಂತೆ ಒಮ್ಮೆ. ಜನ ಹಿಂದೆ ಬಂದು, ಮನೆಗೆ ಮಾಡು ಹಾಕುವ ಮೊದಲೇ ಬೀದಿಯಲ್ಲಿ ಊದಿಕೊಂಡು ನಡೆದರಂತೆ. ಎಂಥಾ ಜನ ನೋಡಿ! ನಮ್ಮಲ್ಲಿ ಸಾವಾದರೆ ವಾದ್ಯದ ಪೆಟ್ಟಿಗೆ ಮುಚ್ಚುತ್ತೇವೆ. ಅವರು ಆಗಲೇ ತೆರೆಯುವುದು. ಮೊದಲು ನನಗೆ ವಿಚಿತ್ರ ಕಂಡಿತು, ಆಮೇಲೆ ಕಾಣಲಿಲ್ಲ.

ಈಗ ಸರಿಯಾಗಿ ಓದಿ, ಕನ್ನಡಕ ಹಾಕಿಕೊಳ್ಳಿ. ನಿಮ್ಮ ಹಲ್ಲಿನ ಸಂಗತಿ ಅವರಿಗೆ ಹೇಳಿಸಿದೆ. ಸಿಟ್ಟು ಮಾಡಬೇಡಿ. ಎರಿಕಣ್ಣ ಬಾಯಿಗೆ ಕೈ ಹಾಕಿ ತಮ್ಮ ಹಲ್ಲಿನ ಸೆಟ್ಟನ್ನೇ ಕಳಚಿ ಅಂಗೈಯಲ್ಲಿ ಹಿಡಿದು ತೋರಿಸಿದರು! ಜ್ಯೋತ್ಸ್ನಾ ಹೆದರಿ ಮಗುವಿನ ಮುಖ ಮುಚ್ಚಿದಳು. ಅವರ ಬಾಯಲ್ಲೂ ಮೇಲೆ ಒಂದೂ ಇಲ್ಲ. ಆಮೇಲೆ ಎರಡೂ ತುಟಿಗಳನ್ನು ಒಳಕ್ಕೆ ಮಡಚಿ, ವಾದ್ಯದ ತುದಿಯನ್ನು ಬರೀ ತುಟಿಯಿಂದ ಹಿಡಿದು ಊದಿದರು. ಗಾಳಿ ಒಂದಿಷ್ಟೂ ಸೋರಲಿಲ್ಲ. ಸ್ವರ ಮೊದಲಿನಷ್ಟು ಜೋರಿಲ್ಲ, ಆದರೆ ಮನುಷ್ಯರು ಹತ್ತಿರ ಕೂತು ಮಾತಾಡಿದ ಹಾಗಿತ್ತು. ಅಳುತ್ತಿದ್ದ ಮಗು ಸುಮ್ಮನಾಯಿತು. ಶುರುವಿನಲ್ಲಿ ತುಟಿ ನೋಯುತ್ತದಂತೆ, ಆಡು ಕೂಗಿದ ಹಾಗೆ ಕೇಳುತ್ತದಂತೆ, ನಾಚಿಕೆಯಾಗಿ ಅವರೂ ಪೆಟ್ಟಿಗೆ ಮುಚ್ಚಿದ್ದರಂತೆ. ತೆರೆಸಿದ್ದು ಆ ತೀರಿಹೋದ ತಂಗಿಯೇ. ಆಡಿನ ಕೂಗಿಗೆ ನೆರೆಹೊರೆಯವರು ಬೈದರೆ ನಾನು ನೋಡಿಕೊಳ್ಳುತ್ತೇನೆ, ಬೈಯಲಿಕ್ಕೆ ನನಗೂ ಬರುತ್ತದೆ.

ತೊಟ್ಟಿಲಿನ ದಿನ ಮುಂದೆ ಹಾಕಿಸಿದ್ದೇನೆ. ನಿಮ್ಮ ವೀಸಾಕ್ಕೆ ಯಶ್ವಂತ್ ಓಡಾಡುತ್ತಿದ್ದಾನೆ. ನೀವು ಬರಬೇಕು, ತೊಟ್ಟಿಲಿನಲ್ಲಿ ಮಗುವಿನ ಕಿವಿಗೆ ಮೊದಲು ಬೀಳುವ ಮಂಗಳವಾದ್ಯ ನಿಮ್ಮದೇ ಆಗಬೇಕು. ಎರಿಕಣ್ಣ ಜೊತೆಗೆ ಕೂರುತ್ತೇನೆ ಎಂದಿದ್ದಾರೆ. ತಿಲಕ್‌ಗೆ ಹೊಸ ಸ್ಯಾಕ್ಸೋಫೋನ್ ಆಗಲಿ, ಒಳ್ಳೆಯ ಹುಡುಗ, ನಿಮ್ಮದು ಬೇಡ. ಭಾವನವರಿಗೆ, ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ತಿಲಕ್‌ಗೆ ಆಶೀರ್ವಾದ. ಮಗಳು, ಅಳಿಯ ನಿಮ್ಮ ಕಾಲಿಗೆ ಬಿದ್ದಿದ್ದಾರೆ, ಮೊಮ್ಮಗಳು ಕಾಲು ಝಾಡಿಸುತ್ತಿದ್ದಾಳೆ, ಅದನ್ನೂ ನಮಸ್ಕಾರ ಎಂದೇ ಎಣಿಸಿ.

ನಿಮ್ಮ ದಾರಿ ನೋಡುತ್ತಿರುವ,
ಉಷಾಲತಾ

ತಾ.ಕ.: ಊರಿಗೆ ಹೊರಟು ಈ ಕಾಗದ ಒಯ್ಯುವ ಶರ್ಲಿ ಬಾಯಿ ಬಾಗಿಲಲ್ಲಿ ನಿಂತಿದ್ದಾರೆ, ಟ್ಯಾಕ್ಸಿ ಬಂದಿದೆ. ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನನಗೇನೂ ಆಗಿಲ್ಲ, ಬಿಪಿ ಸರಿಯಿದೆ, ಹೆದರಬೇಡಿ. ಆದರೆ ನಾನು ಮೊದಲು ಹೋದರೆ, ನನ್ನನ್ನು ಸುಟ್ಟು ಹಿಂದೆ ಬರುವಾಗ ನೀವು ಊದಬೇಕು. ಊರಿನವರು ಹುಚ್ಚು ಎನ್ನಲಿ. ತಿಲಕ್ ಅಲ್ಲ, ನೀವು. ಊರಿನ ಎಲ್ಲ ಹೆಣ್ಣುಮಕ್ಕಳ ಧಾರೆಗೆ ಊದಿದಿರಿ, ನಮ್ಮ ಧಾರೆಗೆ ಮಾತ್ರ ನಿಮ್ಮ ಅಣ್ಣ ಊದಿದರು, ನೀವು ಬಾಸಿಂಗ ಕಟ್ಟಿಕೊಂಡು ನನ್ನ ಪಕ್ಕ ಸುಮ್ಮನೆ ನಿಂತಿದ್ದಿರಿ. ಇಷ್ಟು ವರ್ಷದಲ್ಲಿ ನನಗಾಗಿ ಎಂದು ನೀವು ಒಮ್ಮೆಯೂ ಊದಿದ್ದಿಲ್ಲ, ಮಾರಾಯ್ರೆ.