ಬಾವಿಗೆ ಇಳಿದ ಹರಳು

ಕಣಗಲಾ, ತಾ. ಹುಕ್ಕೇರಿ
೧೧ ಡಿಸೆಂಬರ್ ೨೦೦೬

ಮುದ್ದಿನ ಮಗಳು ಪ್ರಣಿತಾಗೆ, ಅಪ್ಪನ ಜೈ ಜಿನೇಂದ್ರ.

ನಿನ್ನ ಕೆಮ್ಮು ಹೇಗಿದೆ? ಧಾರವಾಡದ ಥಂಡಿ ನಿನಗೆ ಆಗಿಬರುವುದಿಲ್ಲ, ಮಫ್ಲರ್ ಕಟ್ಟಿಕೊಂಡೇ ಲ್ಯಾಬಿಗೆ ಹೋಗು. ನಾನು ಗಟ್ಟಿಯಾಗಿದ್ದೇನೆ. ನಿಮ್ಮವ್ವ ಆರಾಮ ಇದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ನೀನು ಸಿಟ್ಟಿನಿಂದ ಬಸ್ಸು ಹತ್ತಿ ಒಂಬತ್ತು ದಿನವಾಯಿತು. ಅಂದಿನಿಂದ ಆಕೆ ನಮ್ಮ ಬಾವಿಯ ನೀರು ಬಾಯಿಗೆ ಹಾಕಿಲ್ಲ. ಪಕ್ಕದ ಮನೆಯ ಇಂದ್ರವ್ವನಲ್ಲಿಂದ ದಿನಾ ಒಂದು ಕೊಡ ಹೊತ್ತು ತರುತ್ತಾಳೆ. ಯಾಕೆಂದು ಕೇಳಿದರೆ ಕೊಡ ಇಳಿಸಿ ಒಲೆಯ ಕಡೆ ಹೋಗುತ್ತಾಳೆ.

ನಿನ್ನ ಸಂಕಟ ನನಗೆ ತಿಳಿಯುತ್ತದೆ. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಎಳೆಗಳ ಬಟ್ಟೆ, ಅದರ ಮೇಲೆ ತೂತುತೂತಿನ ಹರಳು, ಆ ತೂತುಗಳಲ್ಲಿ ನೀರಿನ ವಿಷ ಸಿಕ್ಕಿಬೀಳುವುದು. ನಾವು ಹೊಲದಲ್ಲಿ ಕಬ್ಬು ಬೆಳೆದರೆ ನೀನು ಬಟ್ಟೆಯ ಮೇಲೆ ಹರಳು ಬೆಳೆದೆ, ಅದೂ ಎಂಟು ತಿಂಗಳು. ನಮ್ಮ ಬಾವಿಯ ನೀರಿನಲ್ಲೇ ಪರೀಕ್ಷೆ ಮಾಡಬೇಕೆಂದು ತಂದೆಯಲ್ಲ, ನನಗೆ ಹೆಮ್ಮೆಯಾಯಿತು. ಆದರೆ ಕರ್ಚೀಫಿನಷ್ಟಿದ್ದ ಆ ಬಿಳಿ ತುಂಡನ್ನು ಒಣಹಾಕಲು ನಿನಗೆ ನೀರು ಸೋಸುವ ಅರಿವೆ ಹಾಕುವ ಹಗ್ಗವೇ ಬೇಕಿತ್ತೇ? ನಿಮ್ಮಜ್ಜಿಯ ಕಾಲದಿಂದಲೂ ಅದರ ಮೇಲೆ ಬೇರೆ ಬಟ್ಟೆ ಬಿದ್ದಿಲ್ಲ. ನಿಮ್ಮವ್ವ ಇದೂ ಸೋಸುವ ಅರಿವೆಯೇ ಎಂದುಕೊಂಡು ತಿಕ್ಕಿ ಜಾಲಿಸಿದಳು, ಹರಳೆಲ್ಲ ಆ ನೀರಿಗೆ ಉದುರಿತು. ಅರಿವೆಯಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಮರಳಲಿ ಎಂದು, ಜಾಲಿಸಿದ ನೀರನ್ನು ಪದ್ಧತಿಯಂತೆ ಮೆಲ್ಲಗೆ ಬಾವಿಗೆ ಇಳಿಸಿದಳು. ಆಗ ನೀನು, "ಎಂಟ್ ತಿಂಗಳ ದುಡಿಮಿ ಬಾವ್ಯಾಗ ಹಾಕಿದಿ. ನಿನಗೇನ್ ತಿಳೀತೈತಿ" ಅಂದೆ. ಮೂವತ್ತು ವರ್ಷದಲ್ಲಿ ನಾನೂ ಆಕೆಗೆ ಹಾಗೆ ಅಂದಿಲ್ಲ. ಅನ್ನುವ ಧೈರ್ಯವಿರಲಿಲ್ಲ ಅನ್ನು.

ಆ ಮಾತು ಆಕೆಗೆ ಚುಚ್ಚಿದೆ, ಅದಕ್ಕೇ ಬಾವಿಯ ಕಡೆ ಸುಳಿಯುವುದಿಲ್ಲ ಎಂದು ನನ್ನ ಎಣಿಕೆ. ಅಂಗಡಿಯ ಫೋನಿನಲ್ಲಿ ನಾಲ್ಕು ಜನರ ನಡುವೆ ಇದನ್ನೆಲ್ಲ ಆಡಲಾಗದು. ಆಕೆಗೆ ಎರಡು ಸಾಲು ಬರೆದು ಹಾಕು. ಹರಳು ಮತ್ತೆ ಬೆಳೆದೀತು, ನಿನ್ನ ಕೈ ಒಳ್ಳೆಯದು.

ನಿನಗೆ ಒಳ್ಳೆಯದನ್ನೇ ಬಯಸುವ ಅಪ್ಪ,
ನೇಮಣ್ಣ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮವ್ವ ಬಂದು ಕುಳಿತು ಬಾಯಿ ಬಿಟ್ಟಳು. ನಿನ್ನ ಮಾತನ್ನು ಆಕೆ ಅವತ್ತೇ ಮರೆತಿದ್ದಾಳೆ. "ಆ ಹರಳು ನೀರಾಗಿನ ವಿಷ ಹಿಡೀತಾವು ಅಂತಾಳಲ್ರಿ, ಜೀವಾನೂ ಹಿಡೀತಾವೇನ್ರಿ? ಉಳಸಾಕ ಹೋಗಿ ನನ್ನ ಕೈಯಾರೆ ಕೊಂದ್ನೇನ್ರಿ?" ಎಂದು ಕೇಳಿದಳು. ಏನೂ ಆಗಿಲ್ಲ ಎಂದೆ. ನನಗೆ ಇದರಲ್ಲಿ ಏನೂ ಗೊತ್ತಿಲ್ಲ ಎಂಬುದು ಆಕೆಗೆ ಗೊತ್ತು, ನಂಬಲಿಲ್ಲ. ನೀನು ಬರೆದರೆ ನಂಬುತ್ತಾಳೆ. ಅದಕ್ಕೇ ಮಗಳೇ, ಬರೀ ಸಮಾಧಾನಕ್ಕೆಂದು ಬರೆಯಬೇಡ. ಇದ್ದದ್ದನ್ನೇ ಬರಿ.